ಒಂದು ಪುಟದೊಳಗೆ

ಡುಲೂತ್ ಊರಿನ ನಾಲ್ಕನೇ ಬೀದಿಯ ಲಾಂಡ್ರಿಯಲ್ಲಿ
ರಾತ್ರಿ ಪಾಳಿ. ಹನ್ನೊಂದು ಯಂತ್ರಗಳಲ್ಲಿ ಒಂಬತ್ತು ತಿರುಗುತ್ತಿವೆ,
ಒಂದು ಕೆಟ್ಟಿದೆ, ಇನ್ನೊಂದರ ಬಾಯಲ್ಲಿ ಯಾರದೋ ಒಂಟಿ ಕಾಲುಚೀಲ.
ಬಟ್ಟೆ ಮಡಚುವ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು
ಆಯ್ಲಿ ರೌಟಿಯೊ ತನ್ನನ್ನು ಮಡಚುತ್ತಿದ್ದಾಳೆ
ಒಂದು ಪುಟಕ್ಕೆ.

ಒಂದೇ ಪುಟ. ಅಕ್ಷರ ಹನ್ನೊಂದಕ್ಕಿಂತ ಸಣ್ಣದಾಗಬಾರದು,
ಕಾನೂನು ಕಾಲೇಜಿನವರ ಕಣ್ಣು ನೋಯಬಾರದು
ಎಂದಿದ್ದಾರೆ ಸಲಹಾ ಕಚೇರಿಯ ಪ್ರೆಂಡರ್ಗಾಸ್ಟ್ ಸಾಹೇಬರು.
‘ಪ್ರತಿ ಸಾಲೂ ಗಟ್ಟಿ ಕ್ರಿಯಾಪದದಿಂದ ಶುರುವಾಗಲಿ, ಮಗೂ.
ಮುನ್ನಡೆಸಿದೆ. ಸಂಘಟಿಸಿದೆ. ಸ್ಥಾಪಿಸಿದೆ.’

ಚರ್ಚಾಕೂಟ, ಎರಡು ವರ್ಷ, ಕಾರ್ಯದರ್ಶಿ.
ನಿಜ ಹೇಳಬೇಕೆಂದರೆ ಒಮ್ಮೆಯೂ ಚರ್ಚಿಸಿದವಳಲ್ಲ,
ಕೋಣೆಯ ಬೀಗದಕೈ ತಂದವಳು, ಡೋನಟ್ ತಂದವಳು,
ಮಾತು ಉದ್ದವಾದಾಗ ಗಂಟೆ ಬಾರಿಸಿದವಳು.
ಇರಲಿ. ಕಾರ್ಯದರ್ಶಿ ಅನ್ನುವುದು ಸುಳ್ಳಲ್ಲ.

ಕರ್ಲಿಂಗ್ ತಂಡ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ.
ಅವಳ ಪಾಲಿನ ಕಲ್ಲು ಗುರಿ ಮುಟ್ಟಿದ್ದು ಅಷ್ಟಕ್ಕಷ್ಟೇ;
ಪಳಗಿದ್ದು ಪೊರಕೆಯಲ್ಲಿ. ಬೇರೆಯವರು ಬಿಟ್ಟ ಕಲ್ಲಿನ ಮುಂದೆ
ಬಗ್ಗಿ ಓಡುತ್ತ, ಭುಜ ಕಳಚುವ ಹಾಗೆ ಉಜ್ಜುತ್ತ...
‘ಅದು ಬೇಕೇ ಬೇಕು,’ ಅಂದಳು ಟೆಸ್ಸಾ ಫೋನಿನಲ್ಲಿ,
‘ಸಂದರ್ಶನದಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ ನೋಡು.’

ಬೀದಿನಾಯಿಗಳ ಆಶ್ರಯದಲ್ಲಿ ಸೇವೆ: ಒಂದು ಶನಿವಾರ.
ವರ್ಷ ಮಾತ್ರ ನಮೂದಿಸಿದರೆ
ಆ ಒಂದು ಶನಿವಾರ ಹಿಟ್ಟಿನ ಹಾಗೆ ಉಬ್ಬುತ್ತದೆ.
ಬರೆದಳು. ಕಚ್ಚಿದ ನಾಯಿಯ ನೆನಪಾಯಿತು. ಅಳಿಸಿದಳು.
ಚರ್ಚಿನ ಗಾಯನ? ಓದುವವರು ಎಂಥವರೋ ಏನೋ.
ಹೈಸ್ಕೂಲಿನ ಪದಕ? ಹಳಸಲು.
ವಾರಕ್ಕೆ ಇಪ್ಪತ್ತಾರು ಗಂಟೆ ಈ ಲಾಂಡ್ರಿ?
ಅದು ಕೆಲಸ. ಪಠ್ಯೇತರ ಅಂದರೆ ಪಠ್ಯದಿಂದಾಚೆಯದು
ಎಲ್ಲವೂ ಅಲ್ಲವಂತೆ.

ಉಳಿದದ್ದು ಒಂದು.
ಮೇಲಿನ ಮನೆಯ ವಿಲ್ಮಾ ಸ್ಟಾನಿಚ್, ಎಂಬತ್ತೊಂದು,
ಮನೆ ಖಾಲಿ ಮಾಡಿಸುವ ದಾವೆ, ಏಳು ಗುರುವಾರ.
ಮುದುಕಿಯ ಹೆಸರು ಕೂಗಿದಾಗ
ಅವರ ಕಿವಿಯ ಯಂತ್ರ ಸಿಳ್ಳೆ ಹಾಕುತ್ತಿತ್ತು;
ಆಯ್ಲಿ ಮೊಣಕೈ ಮುಟ್ಟಿದಳು. ಅಷ್ಟೇ ಅವಳ ವಾದ.

ಇದಕ್ಕೆ ಕ್ರಿಯಾಪದ ಯಾವುದು?
‘ಹಿರಿಯ ಬಾಡಿಗೆದಾರರ ಪರ ಹೋರಾಡಿದೆ’
ಎಂದು ಒತ್ತಿ, ಕಿವಿ ಕೆಂಪಾಗಿ, ಅಳಿಸಿದಳು.
‘ನೆರವಾದೆ.’ ಯಾರು ಹೇಳಿದರು?
ಸ್ಟಾನಿಚ್ ಅಜ್ಜಿ ಸೋತರು. ಸೇತುವೆಯಾಚೆ ತಂಗಿಯ ಮಗನ ಮನೆಯ
ನೆಲಮಾಳಿಗೆಯಲ್ಲಿ ಈಗ ಅವರ ಮಂಚ.

ಆ ಭಾಷೆಯಲ್ಲಿ, ಆ ಪುಟದಲ್ಲಿ, ಕ್ರಿಯಾಪದ
ಬಾಗಿಲಲ್ಲೇ ಎದೆಯುಬ್ಬಿಸಿ ನಿಲ್ಲಬೇಕು.
ನನ್ನ ಈ ಕನ್ನಡದಲ್ಲಾದರೆ ಮೊದಲು ಗುರುವಾರ ಬರುತ್ತದೆ,
ಮೂರನೇ ಮಹಡಿಯ ತಣ್ಣನೆ ಬೆಂಚು ಬರುತ್ತದೆ,
ತಿಂಗಳವಾರು ರಬ್ಬರು ಸುತ್ತಿದ ಬಾಡಿಗೆ ರಶೀದಿಗಳು,
ಗುಂಡಿ ಕಿತ್ತ ಬೂದು ಕೋಟು,
ಎಲ್ಲರೂ ಬಂದು ಕೂತಾದ ಮೇಲೆ
ಚಪ್ಪಲಿ ಹೊರಗೆ ಬಿಟ್ಟು ಮೆಲ್ಲಗೆ ಒಳಬರುತ್ತದೆ
‘ಹಿಡಿದುಕೊಂಡಿದ್ದಳು.’

ಅವಳಿಗೆ ಕನ್ನಡ ಬಾರದು. ನನಗೆ ಅವಳ ಪುಟ ತುಂಬಿಸಲಾಗದು.

ಕರ್ಲಿಂಗ್ ಕೆಳಗೆ ಒಂದು ಕರಿ ಚುಕ್ಕೆ ಇಟ್ಟಳು,
ಮುಂದೆ ಏನೂ ಬರೆಯಲಿಲ್ಲ.
ಆರನೇ ಯಂತ್ರ ಕಿರುಚಿ ನಿಂತಿತು.
ದೊಡ್ಡ ಮಂಚದ ಬಿಸಿ ಹೊದಿಕೆ, ಲಾರಿ ಡ್ರೈವರನದು.
ಅವನೇ ಎದ್ದು ಬಂದು ಇನ್ನೊಂದು ತುದಿ ಹಿಡಿದ.
ಇಬ್ಬರೂ ಮಾತಿಲ್ಲದೆ ಹಿಂದೆ ಸರಿದರು, ಮುಂದೆ ನಡೆದರು,
ಮೂಲೆಗೆ ಮೂಲೆ ಸೇರಲಿಲ್ಲ. ಕೊಡವಿ ಮತ್ತೆ ಹಿಡಿದರು.