ಎರಡನೇ ಅಂಕಣ

ಇದು ಮಣ್ಣಲ್ಲ, ಪುಡಿ ಮಾಡಿದ ಇಟ್ಟಿಗೆ.
ಬ್ರಾಯಿಲಾಕ್ಕೆ ಆಡಲು ಬಂದವರೆಲ್ಲ ಮಣ್ಣೆಂದೇ ತಿಳಿಯುತ್ತಾರೆ,
ತಿಳಿಯಲಿ.
ಡ್ಯಾನ್ಯೂಬಿನ ದಂಡೆಯ ಗೋಧಿಯ ಗೋದಾಮು ಕೆಡವಿದ ವರ್ಷ
ಲಾರಿಗಟ್ಟಲೆ ಬಂದು ಬಿತ್ತು ಇಲ್ಲಿ.
ಅದರ ಗೋಡೆಗೆ ಬೆನ್ನು ಕೊಟ್ಟು ನಮ್ಮಪ್ಪ
ಮೂಟೆ ಇಳಿಸಿದ ಮೇಲೆ ಸಿಗರೇಟು ಸೇದುತ್ತಿದ್ದ.
ಈಗ ಅದರ ಮೇಲೆ ಜಾರಿ ಜಾರಿ ಆಡುತ್ತಾರೆ,
ಸಂಜೆ ಕಾಲುಚೀಲ ಕೊಡವಿದರೆ
ಅಪ್ಪನ ಗೋಡೆ ಉದುರುತ್ತದೆ.

ಸಿಂಗಲ್ಸ್ ಮುಗಿಯಿತೋ, ಜನ ಎದ್ದರು.
ಡಬಲ್ಸ್ ಅಂದರೆ ಸಾರು ತಳ ಕಂಡ ಮೇಲಿನ ಪಂಕ್ತಿ.
ಎಣಿಸಿದೆ: ಹನ್ನೊಂದು ಮಂದಿ, ಒಂದು ನಾಯಿ,
ಲಿಂಡೆನ್ ಹೂವಿನ ವಾಸನೆ,
ದೀಪಕ್ಕೆ ಮುತ್ತಿದ ಸೊಳ್ಳೆ. ಅದನ್ನೆಣಿಸಲಿಲ್ಲ.

ಲಿವಿಯುಗೆ ಮೂವತ್ತಾರು, ಸಬಿನ್‌ಗೆ ಒಂದು ಕಡಿಮೆ.
ಹತ್ತು ವರ್ಷದ ಪೋರರಾಗಿದ್ದಾಗ
ಇದೇ ಅಂಕಣದ ಬಿಳಿ ಗೆರೆ ಗುಡಿಸುವ ಪೊರಕೆಗಾಗಿ
ಕಿತ್ತಾಡಿ, ಸಬಿನ್‌ನ ಹಲ್ಲು ಮುರಿದು,
ಹುಡುಕಿ ಕೊಟ್ಟವಳು ನಾನೇ.
ಕೆಂಪಿನಲ್ಲಿ ಬಿಳಿ, ಬೇಗ ಸಿಕ್ಕಿತು.
ಈಗ ಇಬ್ಬರಿಗೂ ಒಂದೇ ಬಾಡಿಗೆ ಕೋಣೆ, ಒಂದೇ ಡೀಸೆಲ್ ಕಾರು,
ಗೆದ್ದ ದುಡ್ಡಿನಲ್ಲಿ ತಂತಿ ಬಿಗಿಸಿದ ಲೆಕ್ಕ ಕಳೆದು
ಅರ್ಧರ್ಧ.
ಮಾತು ನಿಂತು ಮೂರು ವಾರ.
ಯಾಕೆಂದು ಊರಿಗೆ ಗೊತ್ತು, ನನಗೂ ಗೊತ್ತು.
ಇಲ್ಲಿ ಬೇಡ.

ಆದರೂ ಆಡಬೇಕಲ್ಲ.
ಬಲೆಯ ಬಳಿ ಬಾಗಿದ ಲಿವಿಯು
ಬೆನ್ನ ಹಿಂದೆ ಕೈ ತರುತ್ತಾನೆ:
ಒಂದು ಬೆರಳೆಂದರೆ, ನಾನು ಆಚೆ ದಾಟುತ್ತೇನೆ;
ಮುಷ್ಟಿ ಎಂದರೆ, ಇಲ್ಲೇ ಇರುತ್ತೇನೆ.
ಹಿಂದೆ ನಿಂತವನು ಹ್ಞೂಂ ಅನ್ನಬೇಕು.
ಸಬಿನ್ ಅನ್ನುವುದಿಲ್ಲ.
ಚೆಂಡನ್ನು ಎರಡು ಸಲ ಪುಟಿಸುತ್ತಾನೆ, ಟಪ್ ಟಪ್,
ಅದೇ ಹ್ಞೂಂ.
ಬೆನ್ನಿಗೆ ಕಣ್ಣಿಲ್ಲ. ಇಷ್ಟರಲ್ಲೇ ಎರಡೂಕಾಲು ಗಂಟೆ ನಡೆಯಿತು.

ಆಚೆ ಬದಿಯಲ್ಲಿ ಮೀಸೆ ಮೂಡದ ಚೆಕ್ ಹುಡುಗರು,
ಪ್ರತಿ ಅಂಕಕ್ಕೂ ಕೈಗೆ ಕೈ ತಟ್ಟಿ
ಮದುವೆ ಮನೆಯವರ ಹಾಗೆ.
ಕೊನೆಯ ಟೈಬ್ರೇಕ್. ಅವರದು ಒಂಬತ್ತು, ನಮ್ಮದು ಎಂಟು.
ಮುಷ್ಟಿ. ಟಪ್ ಟಪ್. ಸರ್ವ್.
ಚೆಂಡು ಲಿವಿಯುವಿನ ನೆತ್ತಿ ದಾಟಿ ಏರಿತು,
ದೀಪದಲ್ಲಿ ಒಂದು ಗಳಿಗೆ ಕಾಣದಾಯಿತು.
ಸಬಿನ್ ಓಡಿದ, ಜಾರಿದ, ಸಿಗಲಿಲ್ಲ.
ಗೆರೆಯ ಹುಡುಗಿ ಕೈ ಚಾಚಿ ಕೂಗಿದಳು: ಔಟ್!

ಲಿವಿಯು, ಮೂರು ವಾರದ ಮೇಲೆ ಮೊದಲ ಸಲ,
ಅವನ ಹೆಸರು ಹಿಡಿದು ಕಿರುಚಿದ.
ಚೆಕ್ ಹುಡುಗರು ಗುರುತು ನೋಡಿ ಎಂದರು.
ಅಂಪೈರು ಎತ್ತರದ ಕುರ್ಚಿಯಿಂದ ಇಳಿಯತೊಡಗಿದ,
ಒಂದು ಕಾಲು ಇನ್ನೂ ಮೆಟ್ಟಿಲು ತಡಕುತ್ತಿತ್ತು.
ಅಷ್ಟರಲ್ಲಿ ಸಬಿನ್ ಬಗ್ಗಿ ನೋಡಿದ.
ನೀರಿನ ಪೈಪು ಹಿಡಿದು ನಿಂತ ನನಗೂ ಕಂಡಿತು:
ಉಗುರಿನಷ್ಟು ಗುರುತು, ಗೆರೆಗೆ ಕೂದಲಷ್ಟು ತಾಗಿ.
ಬೂಟಿನ ಅಡಿಯಿಂದ ಒರೆಸಿಬಿಟ್ಟ.

ಈ ಇಟ್ಟಿಗೆಯ ಮೇಲೆ ಅದೇ ಮಾತು:
ಒಳಗೆ ಬಿದ್ದಿದೆ, ಸೋತೆವು.

ರ‍್ಯಾಕೆಟ್ ಮುರಿಯುತ್ತದೆ ಅಂದುಕೊಂಡೆ.
ಲಿವಿಯು ಬಂದು ಒರೆಸಿದ ಜಾಗವನ್ನೇ ನೋಡಿದ,
ನೋಡಲು ಏನಿತ್ತು ಅಲ್ಲಿ.
ಹುಡುಗರ ಕೈ ಕುಲುಕಿದ. ಬೆಂಚಿನಲ್ಲಿ
ಇಬ್ಬರ ನಡುವೆ ಚೀಲವಿಟ್ಟು ಕೂತರು.
ಹನ್ನೊಂದು ಮಂದಿಯೂ ಹೋದರು. ನಾಯಿ ಉಳಿಯಿತು.

"ತಾಂತಿ ಲೆನೂತ್ಸಾ, ಕೊಡಿ ಇಲ್ಲಿ"
ಎಂದು ಲಿವಿಯು ನನ್ನ ಕೈಯಿಂದ ಎಳೆಬಲೆ ಕಸಿದುಕೊಂಡ.
ಸಬಿನ್ ಪೊರಕೆ ಎತ್ತಿಕೊಂಡ. ಜಗಳವಿಲ್ಲ, ಮಾತೂ ಇಲ್ಲ.
ಹೊರಗಿನಿಂದ ಒಳಗೆ, ಸುತ್ತು ಸುತ್ತಾಗಿ,
ಓಡಿದ್ದು, ಜಾರಿದ್ದು, ಬಿದ್ದದ್ದು, ಎಲ್ಲ ಸಮ ಮಾಡುತ್ತ
ಲಿವಿಯು ಎಳೆದ. ಹಗ್ಗ ಹಿಡಿದ ಕೈ ಬೆನ್ನ ಹಿಂದೆ,
ಮುಷ್ಟಿ.
ಸಬಿನ್ ಗೆರೆಯ ಮೇಲೆ ನಿಂತುಬಿಟ್ಟ.
ಆಮೇಲೆ ಪೊರಕೆಯನ್ನು ಬೇಲಿಗೆ ಬಡಿದ, ಎರಡು ಸಲ.
ಧೂಳು ಕೊಡವಲಿಕ್ಕೇ ಇರಬಹುದು.

ನಾಳೆ ಹತ್ತಕ್ಕೆ ಫೈನಲ್.
ನಾನು ನೀರು ಬಿಡಬೇಕಿತ್ತು,
ಅವರು ಆಚೆ ಸರಿಯಲಿ ಎಂದು ಕಾಯುತ್ತಿದ್ದೆ.