ಹನ್ನೆರಡು ಪಾಯಿಂಟ್ ಆರು

ಜೂನ್ ಹುಟ್ಟಿತಂದ್ರ ಆನ್ಸೆಲ್ಮೊ ಹಡಗು ಹತ್ತತಾನ,
ಅಡಗಿ ಕೆಲಸ, ನಾಕು ತಿಂಗಳ ಕರಾರು.
ಅವನ ಟ್ರೇಲರು, ಒಳಗೊಂದು ಮಂಚ, ಒಂದು ಒಲಿ,
ಆರಂಬೋಲದಿಂದ ಪಾಳೊಳೆಂತನಕ ಜೀಪಿನ ಬೆನ್ನಿಗೆ ತಿರುಗಿದ್ದು,
ಮಾಪ್ಸಾದಾಗ ನನ್ನ ಅಂಗಡಿ ಹಿಂದಿನ ತಗಡಿನ ಶೆಡ್ಡಿನಾಗ
ಇಟ್ಟಂಗಿ ಮ್ಯಾಲ ಅಚ್ಚು ಊರಿ ನಿಂದರತೈತಿ.
ಕೀಲಿ ನನ್ನ ಕಡೆ.

ಎಲ್ಲಾರಿಗೂ ಹೇಳೂದು ಅವಗೂ ಹೇಳಿದ್ದೆ:
ಮೊದಲು ಮೈನಸ್ಸು ಬಿಚ್ಚಬೇಕು, ಆಮ್ಯಾಲ ಪ್ಲಸ್ಸು.
ಬೂಷ್ಟಿನಂಗ ಹಸಿರು ಹತ್ತಿದ್ದರ ಸೋಡಾಪುಡಿ ನೀರಿಲೆ ತಿಕ್ಕಿ
ವ್ಯಾಸಲೀನ್ ಹಚ್ಚಬೇಕು.
ಬಾಟ್ಲಿ ನೀರು ಹಾಕಬೇಕು, ನಳದ್ದಲ್ಲ.
ಭಾವಿ ನೀರಂತೂ ಆಣಿ ಮಾಡಿ ಹೇಳತೀನಿ, ಬ್ಯಾಡ.
ಬಿಟ್ಟ ಬ್ಯಾಟರಿ ತನ್ನಷ್ಟಕ್ಕ ತಾನ ಸೊರಗತೈತಿ,
ಯಾರೂ ಮುಟ್ಟಬೇಕಂತಿಲ್ಲ.
ಭಾಳ ಕೆಳಗ ಬಿತ್ತಂದರ ಒಳಗ ಬಿಳೇದು ಗಟ್ಟಿ ಆಗಿ ಕೂಡತೈತಿ,
ಆಮ್ಯಾಲ ನನ್ನ ಕೈಯಾಗೂ ಇಲ್ಲ.

ಹೋದ ವರ್ಷ ಹಂಗ ಮಾಡಿದ್ದೆ. ಬಿಚ್ಚಿ, ಒರಿಸಿ, ಹಲಗಿ ಮ್ಯಾಲ ಇಟ್ಟೆ.
ಅಕ್ಟೋಬರಿನಾಗ ಬಂದ. ಮೀಟರು ತೋರಿಸಿದೆ, ನೋಡಲಿಲ್ಲ.
ಒಳಗ ಹೋಗಿ ಒಲಿ ಮ್ಯಾಲಿನ ಕಪಾಟು ತಗದು
ಭಾಳೊತ್ತು ನಿಂತ.
ರೊಕ್ಕ ಕೊಟ್ಟ, ಜೀಪಿಗೆ ಕೊಕ್ಕಿ ಹಾಕಿದ, ಹ್ವಾದ.

ಈ ವರ್ಷ ಬಿಚ್ಚೂಕಿಂತ ಮೊದಲ
ಎಲ್ಲಾ ಸ್ವಿಚ್ಚು ಆರಿಸಿ ಮೀಟರು ಹಚ್ಚಿದೆ.
ಇಪ್ಪತ್ತು ಮಿಲಿ ಆಂಪು ಹರೀಲಿಕ್ಕತ್ತಿತ್ತು, ಎಲ್ಲಿಗೋ.
ಕಳ್ಳ ಕರೆಂಟು ಅಂತೀವಿ ನಮ್ಮ ಧಂದೆದಾಗ.
ಫ್ಯೂಜಿಗೂ ಸ್ವಿಚ್ಚಿಗೂ ಸಂಬಂಧ ಇಲ್ಲದ ಒಂದು ಕೆಂಪು ವಾಯರು,
ಬೆರಳಿನ್ಯಾಗ ಹಿಡಕೊಂಡು ಹ್ವಾದೆ,
ನೀರಿನ ಟಾಕಿ ಹಿಂದಿಂದ ಹಾದು ಅದ ಕಪಾಟಿನೊಳಗ.
ಅಕ್ಕಿಕಾಳಿನಷ್ಟು ದೀಪ.
ಎದುರಿಗೆ ಸಾಯ್ಬಿಣ್ ತಾಯಿಯ ಚಿತ್ರ,
ಕೆಳಗ ಬೆಂಕಿಪೆಟ್ಟಿಗಿ, ಅದರಾಗ ಹತ್ತಿ,
ಹತ್ತಿ ಮ್ಯಾಲ ಒಂದು ಹಾಲಹಲ್ಲು.

ಅವಗ ಮಕ್ಕಳದಾವಂತ ಅವ ಎಂದೂ ಹೇಳಿದ್ದಿಲ್ಲ.
ಹನ್ನೊಂದು ವರ್ಷದಾಗ ನಾನೂ ಕೇಳಿದ್ದಿಲ್ಲ.

ಕೀಳಲಿಲ್ಲ.
ರಸೀದಿ ಹಿಂದ ಲೆಕ್ಕ ಹಾಕಿದೆ: ದಿನಕ್ಕ ಅರ್ಧ ಆಂಪ್-ಅವರು,
ತಿಂಗಳಿಗೆ ಹದಿನೈದು, ಬ್ಯಾಟರಿ ನೂರರದು.
ತಿಂಗಳಿಗೊಮ್ಮೆ ಬರಾಂವ ಎರಡು ಸಲ ಬಂದರಾತು.

ಶುಕ್ರವಾರ ನಮಾಜು ಮುಗಿಸಿ, ಪ್ಯಾಂಟು ಮಡಚಿ,
ಚಾರ್ಜರು ಪ್ಲಾಸ್ಟಿಕ್ ಚೀಲದಾಗ ಸುತಗೊಂಡು ಹೋಗತೀನಿ.
ಎರಡು ಆಂಪಿನಾಗ, ಸಾವಕಾಶ.
ಗುಳ್ಳಿ ಏಳೂತನಕ ಸ್ಟೂಲಿನ ಮ್ಯಾಲ ಕುಂತಿರತೀನಿ,
ತಗಡಿನ ಮ್ಯಾಲ ಮಳಿ, ಮಾತಾಡಿದರೂ ಕೇಳೂದಿಲ್ಲ.
ಮಾಪ್ಸಾದ ಲೈಟು ಹೋಗೂದು ಹೊಸಾದಲ್ಲ.
ಹೋದಾಗ ಇಡೀ ಶೆಡ್ಡಿಗೆ ಅದೊಂದ.

ಮೊನ್ನೆ ಹಡಗಿನಿಂದ ಫೋನು ಮಾಡಿದ್ದ.
ಹಿಂದ ಪಾತ್ರಿ ಸಪ್ಪಳ, ಯಾರೋ ಬೈಯೂದು.
ದಸ್ತಗೀರ್, ಬ್ಯಾಟರಿ ಹೆಂಗೈತಿ?
ಹನ್ನೆರಡು ಪಾಯಿಂಟ್ ಆರು, ಅಂದೆ.
ಬಿಚ್ಚಿಟ್ಟೀಯಲ್ಲ?
ಇಲ್ಲ, ಅಂದೆ.
ಸುಮ್ಮನಾದ.
ಆ ಫೋನಿಗೆ ನಿಮಿಷಕ್ಕ ಎಷ್ಟು ರೊಕ್ಕಾನೊ.
ಆಮ್ಯಾಲ ಕೇಳಿದ,
ಅಲ್ಲೆ ಮಳಿ ಭಾಳ ಐತೇನು?