ಏಳನೇ ನಂಬರ್ ಖೋಲಿ

ಐದು ತಾಸು ತಡವಾಗಿ ಬಂದ ಮುಂಬೈ ಗಾಡಿಯಿಂದ
ಚೆನ್ನೈಗೆ ಟಿಕೆಟ್ಟಿದ್ದ ಮುದುಕನೊಬ್ಬ
ರಾಯಚೂರಲ್ಲೇ ಇಳಿದುಬಿಟ್ಟ.
ಶುಕ್ರವಾರ. ಹೊತ್ತು ಮುಳುಗಲು ಅರ್ಧ ತಾಸು.
‘ಖೋಲಿ ಕೊಡ್ರಿ, ಲಗೂನ. ಸೂರ್ಯ ಇಳಿದ ಮ್ಯಾಲ
ನಾ ಪೆನ್ನು ಮುಟ್ಟಂಗಿಲ್ಲ’ —
ಅವನಂದದ್ದು ಮರಾಠಿ, ನನಗೆ ಕೇಳಿಸಿದ್ದು ಹೀಗೆ.

ರಿಜಿಸ್ಟರಿನಲ್ಲಿ ಬರೆದ: ಎಲಿಜಾ ಜಿರಾಡ್ಕರ್, ಠಾಣೆ.
ಉದ್ಯೋಗದ ಖಾನೆಯಲ್ಲಿ ತುಸು ತಡೆದು: ರಬ್ಬಿ.
ಹಂಗಂದ್ರೇನ್ರಿ? ಅಂದೆ.
‘ಮಂದಿ ಒಂದು ಕೇಳಿದ್ರ ತಿರುಗಿ ಎರಡು ಕೇಳಾಂವ.’
ಇಪ್ಪತ್ತೆರಡು ವರ್ಷದ ನನ್ನ ಕೌಂಟರಿಗೆ
ಹತ್ತಿ ದಲಾಲರು ಬಂದಿದ್ದಾರೆ, ಮನೆಬಿಟ್ಟು ಓಡಿಬಂದ ಜೋಡಿಗಳು,
ಅಕ್ಕಿ ಗಿರಣಿಯ ಮಿಸ್ತ್ರಿಗಳು. ಯೆಹೂದಿ ಇವನೇ ಮೊದಲು.

ಖೋಲಿಯೊಳಗೆ ಬೆಂಕಿ ಹಚ್ಚಬಾರದೆಂದು ಬೋರ್ಡಿದೆ.
ಎರಡು ಮೇಣದಬತ್ತಿ ಹಚ್ಚಿದ.
ನಾನು ಬೋರ್ಡಿನ ಕಡೆ ನೋಡಲಿಲ್ಲ.
ಒಣದ್ರಾಕ್ಷಿ ನೆನೆಸಿದ ನೀರು, ಊರಿಂದ ಕಟ್ಟಿ ತಂದ ಎರಡು ಚಪಾತಿ,
ನಮ್ಮ ಖಾನಾವಳಿಯದು ಅಂದರೆ ಒಂದು ಚಿಟಿಕೆ ಉಪ್ಪು.
ಲೈಟಿನ ಗುಂಡಿಯನ್ನೂ ಮುಟ್ಟುವಂತಿಲ್ಲವಂತೆ,
ಆರಿಸೆಂದು ನನಗೆ ಹೇಳುವಂತೆಯೂ ಇಲ್ಲವಂತೆ.
ಹತ್ತಕ್ಕೆ ಕರೆಂಟು ಹೋಯಿತು.
ಶಕ್ತಿನಗರದಲ್ಲಿ ಹುಟ್ಟಿ ನಾಡೆಲ್ಲ ಸುತ್ತುವ ಕರೆಂಟು
ಹೆತ್ತೂರಿಗೆ ಮಾತ್ರ ನೆಂಟನ ಹಾಗೆ.
ಕತ್ತಲಲ್ಲಿ ಅವನು ನಕ್ಕದ್ದು ಕೇಳಿಸಿತು.

ಸೆಕೆಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತೆವು.
ನಮ್ಮಜ್ಜ ಮಾನವಿಯಲ್ಲಿ ಗಾಣ ಹೊಡೆಯುತ್ತಿದ್ದನೆಂದೆ.
ಕೊಂಕಣದ ದಂಡೆಯಲ್ಲಿ ಇವನ ಹಿರಿಯರೂ ಗಾಣದವರೇ;
ಶನಿವಾರ ಗಾಣ ಸುಮ್ಮನಿರುತ್ತಿತ್ತೆಂದು
ಊರವರು ಶನಿವಾರದ ತೇಲಿಗಳೆನ್ನುತ್ತಿದ್ದರಂತೆ.
‘ಆ ದಿನ ಎತ್ತಿಗೂ ಸೂಟಿ.
ದೇವರು ಕಲ್ಲಿನ ಮ್ಯಾಲ ಬರಿಯೋವಾಗ ಎತ್ತನ್ನ ಮರೀಲಿಲ್ಲ.’
ಅಜ್ಜನ ಎತ್ತು ನೆನಪಾಯಿತು,
ಕಣ್ಣಿಗೆ ಪಟ್ಟಿ, ಯಾವ ಊರಿಗೂ ಮುಟ್ಟದ ನಡಿಗೆ.

ಮರುದಿನ ಬರಿಗೈಯಲ್ಲಿ ಕೋಟೆಗೆ ನಡೆದು ಹೋಗಿ ಬಂದ.
ಗೋಡೆಯ ಆ ಉದ್ದಾನುದ್ದ ಕಲ್ಲು,
ಅದನ್ನು ಬಂಡಿಯಲ್ಲಿ ಎಳೆದು ತಂದ ಕೋಣಗಳ ಚಿತ್ರ —
‘ಏಳುನೂರು ವರ್ಷ ಆತು, ಅವಕ್ಕ
ಒಂದು ಶನಿವಾರಾನೂ ಯಾರೂ ಕೊಟ್ಟಿಲ್ಲ’ ಅಂದ.
ಎರಡು ಹೊಳೆಯ ನಡುವಿನ ಈ ನೆಲಕ್ಕಾಗಿ
ಅವರೂ ಇವರೂ ತಲೆಮಾರುಗಟ್ಟಲೆ ಕಾದಾಡಿದ್ದು ಹೇಳಿದೆ.
ಗೆದ್ದವರು ಯಾರು?
ನೆನಪಾಗಲಿಲ್ಲ. ಈಗಲ್ಲಿ ಭತ್ತ, ಅಂದೆ.

ಅವನಿಗೊಬ್ಬ ಮೊಮ್ಮಗ ಆ ದೇಶದಲ್ಲಿ,
ಬೂಟು ಕಟ್ಟಿಕೊಂಡೇ ಮಲಗುವವನು.
‘ಫೋನಿನಾಗ ಶಾಂತಿ ಅಂತೀವಿ, ನಮಸ್ಕಾರ ಅಂದಂಗ.
ಬೇಲಿಯ ಆ ಕಡೆ ಮುದುಕನೂ ತನ್ನ ಮೊಮ್ಮಗನಿಗೆ
ಅದನ್ನೇ ಅಂತಾನ, ಒಂದೆರಡು ಅಕ್ಷರ ಹಿಂದುಮುಂದು.’
ಆಮೇಲೆ ಬಹಳ ಹೊತ್ತು ಮಾತಿಲ್ಲ.
ಹುಸೇನಪ್ಪ ತಂದಿಟ್ಟ ಕೊಡದ ನೀರನ್ನು
ಇಬ್ಬರೂ ಎತ್ತಿ ಕುಡಿದೆವು.

ಸಂಜೆ ಮಾಳಿಗೆಯ ಮೇಲೆ ಮೂರು ಚುಕ್ಕಿ ಹುಡುಕಿದೆವು.
ಎರಡು ಸಿಕ್ಕವು. ಮೂರನೆಯದು ಸರಿದಾಡಿತು, ವಿಮಾನ.
ಗಂಜಿನ ದೂಳು ಕೂರುವವರೆಗೆ ಕಾದೆವು.
ಮೂರನೆಯದು ಬಂದಾಗ ಲವಂಗ ಮೂಸಿ
ನನ್ನ ಅಂಗೈಗೂ ನಾಲ್ಕು ಸುರಿದ.

ಆಗಲೇ ರೊಕ್ಕ ಮುಟ್ಟಿದ್ದು. ಎಂಟುನೂರ ನಲವತ್ತು.
ಚಿಲ್ಲರೆ ಇರಲಿ ಅಂದೆ, ಬಿಡಲಿಲ್ಲ.
‘ನಮ್ಮ ಭಾಷೆಯೊಳಗ ಶಾಂತಿಗೂ ಬಾಕಿ ತೀರಿಸೋದಕ್ಕೂ
ಬೇರು ಒಂದ. ಒಡಕು ಇರಬಾರದು, ಅಷ್ಟ.’

ಹನ್ನೊಂದರ ಗಾಡಿ ಒಂದಕ್ಕೆ ಬಂತು.
ಹೊರಟ ಹೊತ್ತಿನ ಖಾನೆ ಖಾಲಿಯೇ ಉಳಿಯಿತು.
ಲವಂಗ ಅಗಿಯುತ್ತ ರಿಜಿಸ್ಟರಿನ ಕೊನೇ ಹಾಳಿ ತೆರೆದೆ:
ತಮ್ಮ ಚನ್ನಬಸವ, ಬೋರ್‌ವೆಲ್ಲಿನ ಮೋಟಾರು,
ಆರು ವರ್ಷದ ಹಿಂದಿನ ಹನ್ನೆರಡು ಸಾವಿರ.
ಕೊಡಬೇಕಾದವನು ಅವನೆಂದು ಬರೆದುಕೊಂಡದ್ದು ನಾನೇ.